ಆಲೂಗಡ್ಡೆ ಹಿಟ್ಟು

ಹನ್ನೊಂದನೆಯ ದಿನವೂ ಇಳಿಯಲಿಲ್ಲ.
ಡೈಪರ್ ಬಿಚ್ಚಿದರೆ ತೊಡೆಸಂದಿಯಲ್ಲಿ ಅದೇ ಕೆಂಪು,
ಬೀಟ್‌ರೂಟು ಹೆಚ್ಚಿ ತೊಳೆಯದೆ ಬಿಟ್ಟ ಹಲಗೆಯ ಕೆಂಪು.
ಕಲೀನಾ ಅಳುವ ಮುನ್ನ ಒಮ್ಮೆ ಉಸಿರು ಬಿಗಿಹಿಡಿಯುತ್ತಾಳೆ.
ಗ್ದಾನ್ಸ್ಕ್‌ನಲ್ಲಿ ಟ್ರಾಮ್ ಓಡಿಸುವವನು ನಾನು,
ಎರಡು ನಿಲ್ದಾಣಗಳ ನಡುವಿನ ಹೊತ್ತು ಬೆರಳ ತುದಿಯಲ್ಲಿದೆ;
ಈ ಹಿಡಿದ ಉಸಿರಿನ ಉದ್ದ ಮಾತ್ರ
ಯಾವ ವೇಳಾಪಟ್ಟಿಯಲ್ಲೂ ಇಲ್ಲ.

ಅತ್ತೆ ಗೆನೊವೇಫಾ ಡಬ್ಬ ತಂದರು.
ಆಲೂಗಡ್ಡೆ ಹಿಟ್ಟು. ಬೆರಳಲ್ಲಿ ಹಿಸುಕಿದರೆ
ಹೊಸ ಹಿಮ ತುಳಿದಂತೆ ಕಿರ್ರೆನ್ನುವ ಹಿಟ್ಟು.
"ನಿನ್ನ ಹೆಂಡತಿ ಇದರಲ್ಲೇ ಹೊರಳಿ ದೊಡ್ಡವಳಾದಳು,
ಅವಳ ಅಣ್ಣಂದಿರೂ. ಆಗ ಅಂಗಡಿಯಲ್ಲಿ
ವಿನೆಗರ್ ಬಿಟ್ಟರೆ ಮತ್ತೇನಿತ್ತು?"
ಉದುರಿಸಿದೆವು. ಮಡಿಕೆ ಮಡಿಕೆಗೂ ಉದುರಿಸಿದೆವು.
ಬೆಳಗಾಗುವಷ್ಟರಲ್ಲಿ ಹಿಟ್ಟು ಅಂಟಾಗಿ, ಅಂಟು ಹುಳಿಯಾಗಿ.
ಮೂರನೆಯ ಮಹಡಿಯಾಕೆ ಓಕ್ ತೊಗಟೆಯ ಕಷಾಯ ಕೊಟ್ಟಳು;
ಮಗು ಎರಡು ದಿನ ಹಳೆಯ ಪೀಪಾಯಿಯ ವಾಸನೆ ಹೊಡೆಯಿತು,
ಕೆಂಪು ಕದಲಲಿಲ್ಲ.
ಕಿಟಕಿಯ ಕಟ್ಟೆ ತುಂಬ ಸೊಂಟ ಮುರಿದ ಟ್ಯೂಬುಗಳು.

ದೊಬ್ರವಾಳಿಗೆ ಬೇಕರಿಯಲ್ಲಿ ರಾತ್ರಿಪಾಳಿ.
ಹೋಗುವಾಗ ನನ್ನತ್ತ ನೋಡಲಿಲ್ಲ.
ನೋಡಿದ್ದರೆ ಇಬ್ಬರಲ್ಲಿ ಒಬ್ಬರು ಅತ್ತೇಬಿಡುತ್ತಿದ್ದೆವು.

ಎರಡು ಗಂಟೆಗೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಓಡಿದೆ.
ಆ ಹೊತ್ತಿನಲ್ಲಿ ಔಷಧಿ ಅಂಗಡಿಗೆ ಬಾಗಿಲಿಲ್ಲ,
ಒಂದು ಗಂಟೆ, ಕೈ ತೂರುವಷ್ಟು ಕಿಂಡಿ,
ಕಿಂಡಿಯಾಚೆ ಸ್ವೆಟರಿನ ಮೇಲೆ ಬಿಳಿ ಕೋಟು ತೊಟ್ಟ ಹೆಂಗಸು.
ಇನ್ನೊಂದು ಮುಲಾಮು ಕೇಳಿದೆ. ಅವಳು ಕೊಡಲಿಲ್ಲ, ಕೇಳಿದಳು:
"ಮಡಿಕೆಗಳ ಒಳಗೂ ಇದೆಯೆ?" ಇದೆ.
"ಕೆಂಪಿಗೆ ಗೆರೆ ಎಳೆದಂತೆ ಅಂಚಿದೆಯೆ?" ಇದೆ.
"ಅಂಚಿನಾಚೆ ಸಣ್ಣ ಸಣ್ಣ ಚುಕ್ಕೆ,
ದಡ ಬಿಟ್ಟು ಹೋದ ನಡುಗಡ್ಡೆಗಳ ಹಾಗೆ?"
ಹನ್ನೊಂದು ದಿನವೂ ಆ ಚುಕ್ಕೆಗಳನ್ನು ನೋಡಿದ್ದೆ.
ಚುಕ್ಕೆಗೂ ಮಾತಿದೆಯೆಂದು ಯಾರಿಗೆ ಗೊತ್ತು?
"ಅದು ಬೂಷ್ಟು" ಅಂದಳು,
ಬ್ರೆಡ್ಡಿನ ಬಗ್ಗೆ ಹೇಳುವಷ್ಟು ಸಲೀಸಾಗಿ.
"ಹಿಟ್ಟು ನಿಲ್ಲಿಸಿ. ಇದನ್ನು ತೆಳ್ಳಗೆ ಸವರಿ,
ಮೇಲೆ ಸತುವಿನ ಮುಲಾಮು, ಕೇಕಿಗೆ ಕೆನೆ ಬಳಿದಷ್ಟು ದಪ್ಪ.
ಉಜ್ಜಬೇಡಿ. ನೀರಲ್ಲಿ ತೊಳೆದು ಮೆತ್ತಗೆ ಒತ್ತಿ.
ಬೆಳಿಗ್ಗೆ ಡಾಕ್ಟರಿಗೆ ತೋರಿಸಿ.
ಉಳಿದದ್ದು ಗಾಳಿ. ಗಾಳಿಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ."

ಡಾಕ್ಟರು ನೋಡಿದ್ದು ಅರ್ಧ ನಿಮಿಷ. ಹೌದು, ಅದೇ, ಅಂದರು.
ಅತ್ತೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು.

ಫೆಬ್ರವರಿ. ಸಮುದ್ರದ ಗಾಳಿ ಕಿಟಕಿಗೆ ಭುಜ ಕೊಟ್ಟು ನೂಕುತ್ತಿತ್ತು.
ಒಳಗೆ ಹೀಟರಿನ ಪಕ್ಕ, ಟವೆಲಿನ ಮೇಲೆ
ಬರಿಮೈ ಕಲೀನಾ, ಬೋರಲು ಮಲಗಿದ ಮಹಾರಾಣಿ.
ನನ್ನ ಸಮವಸ್ತ್ರಕ್ಕೆ ಎರಡು ಸಲ ದೀಕ್ಷಾಸ್ನಾನ ಮಾಡಿಸಿದಳು.
ಡಿಪೋದಲ್ಲಿ ಯಾರೋ ಮೂಗು ಅರಳಿಸಿದ;
ಮಗು, ಅಂದೆ. ಅವನು ತನ್ನ ಅವಳಿಗಳ ಕಥೆ ತೆಗೆದ,
ಅರ್ಧಕ್ಕೇ ಗಾಡಿ ಹೊರಟಿತು.

ನಾಲ್ಕನೆಯ ದಿನ ನಡುಗಡ್ಡೆಗಳು ಒಂದೊಂದಾಗಿ ಮುಳುಗಿದವು.
ಆರನೆಯ ದಿನ ದಡವೂ ಮಸುಕು.
ಡೈಪರ್ ಬಿಚ್ಚಿದೆ. ಕಲೀನಾ ಉಸಿರು ಹಿಡಿಯಲಿಲ್ಲ.
ನಾನು ಹಿಡಿದಿದ್ದೆ.

ಆ ಸಂಜೆ ಅತ್ತೆ ಡಬ್ಬ ಎತ್ತಿಕೊಂಡು ಅಡುಗೆಮನೆಗೆ ಹೋದರು.
ಚೆರ್ರಿ ಕುದಿಸಿ, ಹಿಟ್ಟು ತಣ್ಣೀರಲ್ಲಿ ಕದಡಿ ಸುರಿದು,
ಕೈ ಬಿಡದೆ ತಿರುವಿ ಕಿಸೆಲ್ ಮಾಡಿದರು,
ಬಿಸಿ, ಗಟ್ಟಿ, ಹೊಳೆಯುವ ಕೆಂಪು.
ಬಟ್ಟಲು ನನ್ನ ಮುಂದಿಟ್ಟು
"ಇದಕ್ಕಾದರೂ ಆಗುತ್ತದಲ್ಲ" ಅಂದರು,
ನನಗಲ್ಲ, ಚಮಚಕ್ಕೆ.
ಒಂದು ಗಂಟೂ ಇರಲಿಲ್ಲ.
ಇನ್ನೊಂದು ಬಟ್ಟಲು ಕೇಳಿದೆ.