ಕಲಾಯಿ

ಸ್ಯಾಕ್ಸನಿಯ ಒಂದು ಊರು, ೧೬೨೨

ನಮ್ಮ ಕೊಪ್ಪರಿಗೆಯನ್ನು ಟಂಕಸಾಲೆಯವರು ಫೆಬ್ರವರಿಯಲ್ಲಿ ಒಯ್ದರು,
ಹೆಂಡತಿ ಪ್ಲಮ್ ಹಣ್ಣು ಬೇಯಿಸುತ್ತಿದ್ದದ್ದು, ತಳ ಕಪ್ಪಗಿದ್ದದ್ದು.
ಏಪ್ರಿಲ್ಲಿನಲ್ಲಿ ಅದು ನನ್ನ ಸಂಬಳವಾಗಿ ಮನೆಗೆ ಬಂತು:
ನೂರಾ ಇಪ್ಪತ್ತು ಬಿಲ್ಲೆ,
ಒಂದೊಂದರ ಮೇಲೂ ದೊರೆಯ ಮುಖ,
ಮುಖಕ್ಕೆ ತೆಳ್ಳಗೆ ಬೆಳ್ಳಿಯ ಕಲಾಯಿ.
ಹೆಬ್ಬೆರಳಲ್ಲಿ ತಿಕ್ಕಿದೆ.
ಮೊದಲು ಮೂಗಿನ ತುದಿ ಕೆಂಪಾಯಿತು,
ನೆಗಡಿ ಹಿಡಿದವನ ಹಾಗೆ.

ನಗರಸಭೆಯವರು ಹೇಳಿದರು: ಬರೆಯಿರಿ, ಗೋಡೆಹಾರ್ಟ್,
ಈ ವರ್ಷ ಪ್ರಭುಗಳ ಕೃಪೆಯಿಂದ
ಊರಲ್ಲಿ ಹಣ ಹಿಂದೆಂದೂ ಇಲ್ಲದಷ್ಟು ಹೇರಳವಾಗಿತ್ತು.
ಸುಳ್ಳೇನಲ್ಲ.
ಹುಡುಗರು ಅದನ್ನೇ ಕೆರೆಯ ಮೇಲೆ ಬೀಸಿ
ಎಷ್ಟು ಸಲ ಕುಪ್ಪಳಿಸಿತೆಂದು ಎಣಿಸುತ್ತಿದ್ದರು.
ಬರೆದೆ, ದುಂಡಗಿನ ಅಕ್ಷರದಲ್ಲಿ,
ಪುಟಕ್ಕೆ ಎಂಟು ಬಿಲ್ಲೆ.
ನಿಜಕ್ಕೂ ಕಲಾಯಿ ಹಿಡಿಯುತ್ತದೆ, ಕೈ ಪಳಗಿದ್ದರೆ.

ರೊಟ್ಟಿ ಸುಡುವ ವಿಧವೆ ಅಪೊಲೋನಿಯಾಗೆ ಓದು ಬಾರದು.
ಅವಳ ಕದದ ಒಳಬದಿಗೆ ಇದ್ದಲಿನ ಗೀಟುಗಳು:
ರೊಟ್ಟಿ ಒಂದು, ಬಿಲ್ಲೆ ಮೂರು.
ರೊಟ್ಟಿ ಒಂದು, ಬಿಲ್ಲೆ ಹನ್ನೊಂದು.
ರೊಟ್ಟಿ ಒಂದು, ಬಿಲ್ಲೆ ನಲವತ್ತು, ಸೋತು ಬಾಗಿದ ಗೀಟು.
ಅದರ ಕೆಳಗೆ ಬಿಲ್ಲೆಯೇ ಇಲ್ಲ.
ಒಂದು ಮೊಟ್ಟೆಯ ಚಿತ್ರ. ಒಂದು ಮೊಳೆ.
ಅರ್ಧ ಮೇಣದ ಬತ್ತಿ.

ಜವಾನ ಫೆಲ್ಟೆನ್ ಬಂದ: ಬಿಲ್ಲೆ ತಗೊಳ್ಳಲೇಬೇಕಮ್ಮ, ಅಪ್ಪಣೆಯಾಗಿದೆ.
ಅವಳು ತಕ್ಕಡಿಯ ಒಂದು ತಟ್ಟೆಗೆ ಅವನ ಬಿಲ್ಲೆ ಹಾಕಿದಳು,
ಇನ್ನೊಂದಕ್ಕೆ ಮದುವೆಯ ದಿನ ಬಂದ ಹಳೆಯ ನಾಣ್ಯ.
ತೂಗುಮುಳ್ಳು ಕಡೆ ಕೈ ತೋರಿಸಿ,
ಇದಕ್ಕೂ ಒಂದು ಅಪ್ಪಣೆ ಮಾಡಿಸಪ್ಪ, ಎಂದಳು.

ದಂಡ ಬಿತ್ತು.
ದಂಡ ಮಾತ್ರ ಹಳೆಯ ಬೆಳ್ಳಿಯಲ್ಲೇ ಕಟ್ಟಬೇಕಂತೆ.
ಇದನ್ನೂ ಬರೆಯಲೇ? ಎಂದೆ.
ಸಭೆಯವರು ಕಿಟಕಿಯಾಚೆ ನೋಡಿದರು.
ಆ ವರ್ಷ ನಮ್ಮೂರಲ್ಲಿ ನಾಣ್ಯಸ್ಥ ಎಂದರೆ ಬೈಗುಳ.

ಕದಕ್ಕೆ ಸುಣ್ಣ ಬಳಿಸುವ ಹಿಂದಿನ ರಾತ್ರಿ
ದೀಪ ಹಿಡಿದು ಹೋಗಿ ಎಲ್ಲ ಗೀಟುಗಳನ್ನೂ ನಕಲು ಮಾಡಿಕೊಂಡೆ,
ಬಾಗಿದ್ದನ್ನು ಬಾಗಿದಂತೆಯೇ.
ನೆಟ್ಟಗೆ ಮಾಡಲು ಕೈ ಹೋಯಿತು, ತಡೆದೆ.
ಆ ಹಾಳೆಯನ್ನು ಊರ ಚರಿತ್ರೆಯ ರಟ್ಟಿನ ಒಳಗಡೆ ಇಟ್ಟು
ಮೇಲೆ ಬಿಳಿ ಕಾಗದ ಅಂಟಿಸಿದೆ.
ಅಂಟಿಗೆ ಅವಳದೇ ಹಿಟ್ಟು; ಕೊಟ್ಟದ್ದು ಒಂದು ಮೊಟ್ಟೆ.

ಅಂಟು ಒಣಗುವ ತನಕ ಮೇಲೆ ಭಾರ ಹೇರಬೇಕು.
ಸಂಬಳದ ಚೀಲ ಇಟ್ಟೆ. ರಟ್ಟು ಏಳುತ್ತಲೇ ಇತ್ತು.
ಹಿತ್ತಿಲಿಗೆ ಹೋಗಿ
ಒಂದು ಇಟ್ಟಿಗೆ ತಂದೆ.