ಕುಣಿ

ಬೆಟಗೇರಿಯ ಅಂಬಾಸಾನ ಹಿತ್ತಲಾಗ
ಒಂದು ಆಮೆ ಐತಿ, ನಮ್ಮ ಕಡೀದಲ್ಲ.
ಸಹಾರಾದ ಅಂಚಿನದಂತ, ಯಾರೋ ಬಿಟ್ಟು ಹೋದದ್ದು.
ಬಂದಾಗ ಸಾಬಾಣದ ಡಬ್ಬಿಯೊಳಗ ಹಿಡಿಸಿತ್ತು.
ಈಗ ಮೆಣಸಿನಕಾಯಿ ತೂಗೋ ಕಾಟಾದ ಮ್ಯಾಲೆ
ನಲವತ್ತೊಂದು ಕಿಲೋ.
‘ಚೀಲದ ತೂಕ ಕಳೀಲೇನ್ರಿ?’ ಅಂದ ಹಮಾಲ.

ತೊಡಿಗೆ ಮುಳ್ಳು. ಕಾಲು ಆನೀದು.
ಬೆನ್ನಿನ ಒಂದೊಂದು ಬಿಲ್ಲೆಯೊಳಗೂ
ಗೆರಿ ಒಳಗ ಗೆರಿ.
ವರ್ಷಕ್ಕೊಂದು ಅಂತ ಎಣಿಸಾಕ ಕೂತೆ, ಲೆಕ್ಕ ಹತ್ತಲಿಲ್ಲ:
ಹಸಿರು ಸಿಕ್ಕ ವರ್ಷ ಅಗಲ,
ಒಮ್ಮೊಮ್ಮೆ ಎರಡು.

ನೀರು ಕುಡಿಯೋದು ಅಪರೂಪ.
ಒಣ ಕಣಕಿ ತಿಂತೈತಿ.
ಏಪ್ರಿಲ್ ಬಿಸಿಲು ನೆತ್ತಿಗೇರಿದರ
ತನ್ನ ಜೊಲ್ಲನ್ನೇ ಮುಂಗಾಲಿಗೆ ಸವರಿಕೊಂಡು
ತಂಪಾಗ್ತೈತಿ. ಆಮ್ಯಾಲೆ ತೋಡ್ತೈತಿ:
ಗ್ವಾಡಿ ಬುಡ, ತುಳಸಿಕಟ್ಟಿ ಬುಡ,
ಬಚ್ಚಲ ಹಿಂದ ಒಂದು ಮಾರು, ಎರಡು ಮಾರು,
ಮಣ್ಣಿನ ಹಸಿ ಸಿಗೋತನ.

ಅಂಬಾಸಾ ಬೈಲಿಲ್ಲ.
ಐವತ್ತು ವರ್ಷ ಅವನೂ ಕುಣಿಯೊಳಗ ಕಾಲಿಟ್ಟು ಕೂತವ.
ಮಗ್ಗ ನೆಲದ ಮಟ್ಟಕ್ಕ, ಮೊಣಕಾಲು ನೆಲದ ಕೆಳಗ;
ಆ ತಂಪಿಗೇ ಎಳಿ ಹರಿಯೂದಿಲ್ಲ ಅಂತಾನ.
ಮನ್ಯಾಗ ಫ್ಯಾನು ಹಚ್ಚಗೊಡೂದಿಲ್ಲ.

ಒಂದು ಮಧ್ಯಾಹ್ನ, ಲಾಳಿ ಓಡತಿತ್ತು,
ನಾನು ಕಂಡಿಕಿ ಸುತ್ತತಿದ್ದೆ.
ಮಗ್ಗದ ಕುಣಿಯ ಗ್ವಾಡಿ ಪುಡಿಪುಡಿ ಉದುರಿತು.
ಅವನ ಹಿಮ್ಮಡಕ್ಕ ಏನೋ ತಾಕಿತು,
ಒರಟು, ತಣ್ಣಗ,
ಉಸಿರಾಡತಿತ್ತು.

ಕಾಲು ತೆಗೀಲಿಲ್ಲ.
ಬಗ್ಗಿ ನೋಡಲೂ ಇಲ್ಲ.
‘ಜರಾ ಸರಿಯಪಾ’ ಅಂದ,
ಹೊಕ್ಕು ಹೊಡೆದ.