ತಾತ್ಕಾಲಿಕ

ಕಿರುನಾದಲ್ಲಿ ಜನವರಿ. ಬೆಳಿಗ್ಗೆ ಹನ್ನೊಂದಾದರೂ
ಕಿಟಕಿಯಾಚೆ ಮಸಿ ಚೆಲ್ಲಿದ ನೀಲಿ.
ಹಿಮಸಾರಂಗಗಳ ಕೊರಳಪಟ್ಟಿಗಳು
ಎರಡು ದಿನದಿಂದ ಎಲ್ಲೋ ಕಾಡಲ್ಲಿ ಕೂಗುತ್ತಿವೆ,
ಕೇಳಿಸಿಕೊಳ್ಳಬೇಕಾದ ನನ್ನ ಯಂತ್ರ ಕಿವುಡಾಗಿದೆ.

ಬೀರೆತ್ ಬಂದು ಹೀಟರಿನ ಪಕ್ಕ ಕೂತಿದ್ದಾಳೆ,
ಕೈಗವಸು ಕಳಚಿಲ್ಲ.
"ಹೊಸದು ಹಾಕಿದರೆ ಆಗುತ್ತೆ ಅಂದಿದ್ದೆಯಲ್ಲ?"
ಅಂದಿದ್ದೆ.
ಅಂದದ್ದು ಸೋಮವಾರ.

ಇನ್‌ಸ್ಟಾಲ್ ಎಂದು ಒತ್ತಿದೆ. ಶೇಕಡಾ ತೊಂಬತ್ತೆರಡರ ತನಕ
ಸಾಧು ಹಸುವಿನ ಹಾಗೆ ನಡೆದು ಬಂತು,
ಅಲ್ಲಿ ಕಾಲೂರಿ ನಿಂತಿತು.
ಆಮೇಲೆ ಕೆಂಪು. ಇನ್ನೂರು ಸಾಲು ಕೆಂಪು.
ಕೊನೆಯದು: ವಿಫಲವಾಗಿದೆ.
ಗೊತ್ತು ಮಾರಾಯ, ವಿಫಲವಾಗಿದೆ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ನೆಟ್‌ವರ್ಕನ್ನು ಬೈದೆ. ಯಂತ್ರವನ್ನು ಆರಿಸಿ ಹೊತ್ತಿಸಿದೆ.
ಅಳಿಸಿದೆ, ಮತ್ತೆ ಹಾಕಿದೆ, ಮತ್ತೆ ಅಳಿಸಿದೆ.
ಯಜಮಾನನ ಹೆಸರು ಹೇಳಿ ಗದರಿದೆ;
ಪಾಸ್‌ವರ್ಡ್ ಕೇಳಿತು, ಕೊಟ್ಟೆ.
ಯಜಮಾನನಿಗೂ ಅದೇ ಇನ್ನೂರು ಸಾಲು.

ಮೂರನೆಯ ಕಾಫಿಗೆ ಬುದ್ಧಿ ಬಂತು.
ಅಳುವ ಮಗುವಿನ ಕೊನೆಯ ಬಿಕ್ಕನ್ನು ಹಿಡಿದು ಕೂರಬಾರದು,
ಮೊದಲು ಎಲ್ಲಿ ಬಿದ್ದೆ ಅಂತ ಕೇಳಬೇಕು.
ಮೇಲೆ ಮೇಲೆ ಸರಿಸಿದೆ. ಕೆಂಪೆಲ್ಲ ದಾಟಿದ ಮೇಲೆ
ಒಂಬತ್ತನೆಯ ಸಾಲು, ಬಣ್ಣವೂ ಇಲ್ಲದೆ,
ಸಂಕೋಚದಿಂದೆಂಬಂತೆ ಹೇಳುತ್ತಿತ್ತು:
ಕಂಪೈಲರ್ ಹೇಳಿದ ಜಾಗದಲ್ಲಿಲ್ಲ.

ಯಾರು ಹೇಳಿದ ಜಾಗ?

ಎಲ್ಲಿ ಹುಡುಕುತ್ತೀ ತೋರಿಸು ಎಂದೆ. ತೋರಿಸಿತು,
ಓರೆಗೆರೆಗಳ ನಡುವೆ ನಾಲ್ಕು ಪದದ ವಿಳಾಸ.
ಅಂಥ ಫೋಲ್ಡರೇ ಇಲ್ಲ.
ಹೊಸ ಕಂಪೈಲರ್ ಪಕ್ಕದ ಮನೆಯಲ್ಲೇ
ದೀಪ ಹಚ್ಚಿಕೊಂಡು ಕೂತಿದೆ,
ಯಾರೂ ಬಾಗಿಲು ತಟ್ಟಿಲ್ಲ.

ಚುಕ್ಕೆಯಿಂದ ಹೆಸರು ಶುರುವಾಗುವ ಕಡತಗಳು
ಕಣ್ಣಿಗೆ ಬೀಳುವುದಿಲ್ಲ, ಕರೆದರಷ್ಟೇ ಹೊರಬರುತ್ತವೆ. ಕರೆದೆ.
ಒಳಗೆ ಒಂದೇ ಸಾಲು, ತೂರ್ಕೆಲ್‌ನ ಕೈಯದ್ದು,
ಪಕ್ಕದಲ್ಲಿ ಅವನದೇ ಟಿಪ್ಪಣಿ:
ತಾತ್ಕಾಲಿಕ. ನಾಳೆ ತೆಗೆಯುವುದು.
ತಾರೀಕು ಹನ್ನೊಂದು ವರ್ಷ ಹಿಂದಿನದು.

ತೂರ್ಕೆಲ್ ಈಗ ಲೂಲಿಯೋದಲ್ಲಿ ಬಸ್ಸು ಓಡಿಸುತ್ತಾನೆ.
ಫೋನಿನಲ್ಲಿ ಬಹಳ ಹೊತ್ತು ನಕ್ಕ.
"ಆ ರಾತ್ರಿ ಏನಾಗಿತ್ತು ಅಂದರೆ" ಎಂದು ಶುರುಮಾಡಿದ,
ಅಷ್ಟರಲ್ಲಿ ಅವನ ಬಿಡುವು ಮುಗಿಯಿತು.

ನಾನು ನಗುವಂತಿಲ್ಲ. ಕೆಳಗೆ ಗಣಿ ಅಗೆದು ಅಗೆದು
ಈ ಊರನ್ನೇ ಎತ್ತಿ ಪೂರ್ವಕ್ಕೆ ಇಡುತ್ತಿದ್ದಾರೆ.
ಚರ್ಚು ಕೂಡ ಗಾಲಿಯ ಮೇಲೆ ಹೋಯಿತು,
ಮದುವಣಗಿತ್ತಿಯಷ್ಟು ನಿಧಾನಕ್ಕೆ.
ಈಗಲೂ ಬ್ರೆಡ್ಡಿಗೆಂದು ಹೊರಟು
ಎಷ್ಟೋ ಸಲ ಬೇಲಿಯ ಮುಂದೆ ಹೋಗಿ ನಿಲ್ಲುತ್ತೇನೆ,
ಬೇಕರಿ ಇದ್ದ ಕಡೆ.
ಕಾಲಿನೊಳಗೂ ಇರಬೇಕು
ಚುಕ್ಕೆಯಿಂದ ಶುರುವಾಗುವ ಯಾವುದೋ ಕಡತ.

ಅವನ ಸಾಲನ್ನು ಅಳಿಸಲು ಕೈ ಬರಲಿಲ್ಲ.
ಮುಂದೊಂದು ಗುರುತು ಹಾಕಿ ಅದರ ಬಾಯಿ ಕಟ್ಟಿದೆ,
ಕೆಳಗೆ ಹೊಸ ದಾರಿ ಬರೆದೆ,
ಟರ್ಮಿನಲ್ ಮುಚ್ಚಿ ತೆರೆದೆ
(ಇದನ್ನು ಮರೆತು ಹೋದ ವರ್ಷ
ಇಡೀ ಒಂದು ಮಧ್ಯಾಹ್ನ ನೀರುಪಾಲಾಗಿತ್ತು).

ತೊಂಬತ್ತೆರಡು.
ತೊಂಬತ್ತಮೂರು.
ಬೀರೆತ್ ಕೈಗವಸು ಕಳಚಿದಳು.
ಮುಗಿದಾಗ ಯಂತ್ರ ಏನೂ ಹೇಳಲಿಲ್ಲ.
ಸೋತಾಗ ಇನ್ನೂರು ಸಾಲಿನ ರಂಪ,
ಗೆದ್ದಾಗ ಮಿನುಗುವ ಒಂದು ಕಡ್ಡಿ, ಅಷ್ಟೇ.

ನಕ್ಷೆಯ ಮೇಲೆ ಎಳ್ಳು ಚೆಲ್ಲಿದಂತೆ ಸಾರಂಗಗಳು.
ಎಲ್ಲ ಕಾಡಿನಂಚಿಗೆ, ಒಂದರ ಹೊರತು.
ಅದು ಗಣಿಯ ಬೇಲಿಗೆ ಮೂತಿ ಹಚ್ಚಿ
ಎರಡು ದಿನದಿಂದ ಅಲ್ಲೇ ನಿಂತಿದೆ.
"ನಮ್ಮ ಮುದುಕಿ," ಎಂದಳು ಬೀರೆತ್.
"ಅವಳಮ್ಮ ದಾಟುತ್ತಿದ್ದದ್ದು ಅಲ್ಲೇ."

ಮತ್ತೇನೂ ಅನ್ನದೆ ಕೈಗವಸು ತೊಟ್ಟಳು.
ಹೊರಗೆ ಹಿಮದ ಸ್ಕೂಟರ್
ಹಗ್ಗ ಎಳೆದ ಎರಡನೆಯ ಸಲಕ್ಕೆ ಗುಡುಗಿತು,
ದೀಪ ಬೇಲಿಯ ಕಡೆ ತಿರುಗಿತು.

ನಾನು ಕಡತವನ್ನು ಮತ್ತೆ ತೆರೆದು
ನನ್ನ ಸಾಲಿನ ಪಕ್ಕ ಇವತ್ತಿನ ತಾರೀಕು ಹಾಕಿ,
ಸ್ವಲ್ಪ ಹೊತ್ತು ಯೋಚಿಸಿ, ಬರೆದೆ:
ತಾತ್ಕಾಲಿಕ.